ಪರಿಶೀಲನೆಗೆ ಅಡ್ಡಿಯಾದ ಒಂದು ಲೋಟ ಕಾಫಿ

ಒಳಚರಂಡಿ ಪರಿಶೀಲನಾ ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ಮನೆಯ ಕೊಳವೆ ಸುಸ್ಥಿತಿಯಲ್ಲಿದೆ, ಕೆಳ ಅಂತಸ್ತಿನಲ್ಲಿ ಬಚ್ಚಲುಮನೆ ಕಟ್ಟಿಕೊಳ್ಳಬಹುದು ಎಂಬ ನಿಮ್ಮ ಪತ್ರ ನಿನ್ನೆ ತಲುಪಿತು. ಆ ಬಚ್ಚಲುಮನೆ ಯಾರಿಗಾಗಿ ಬೇಕಿತ್ತೋ ಆ ನನ್ನ ಹೆಂಡತಿ ವತ್ಸಲಾ ತೀರಿಕೊಂಡು ಇಪ್ಪತ್ತಾರು ದಿನವಾಯಿತು. ನಿಮ್ಮ ಡಚ್ ಭಾಷೆಯಲ್ಲಿ ಬರೆದ ಮೂರು ಪತ್ರಗಳಿಗೂ ಉತ್ತರ ಬರಲಿಲ್ಲವಾದ್ದರಿಂದ ಇದನ್ನು ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ.

ಮನೆ ಮಾರುವವರೂ ಮಾರ್ಪಾಡು ಮಾಡಿಸುವವರೂ ಮೊದಲು ಚರಂಡಿ ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ತೋರಿಸಬೇಕೆಂಬ ನಿಮ್ಮ ನಿಯಮ ಒಳ್ಳೆಯದೇ. ನನ್ನ ಕೊಳವೆ ಒಡೆದು ನೆರೆಯವರ ತೋಟ ನಾರಬಾರದು, ಒಪ್ಪಿದೆ. ಆದರೆ ಇಲ್ಲಿಯ ಮನೆಗಳ ಏಣಿಯಂಥ ಮೆಟ್ಟಿಲು ನಿಮಗೆ ಗೊತ್ತು. ಮಂಡಿ ಹೋಗಿದ್ದ ವತ್ಸಲಾ ಸ್ನಾನಕ್ಕೆಂದು ದಿನವೂ ಹದಿನಾಲ್ಕು ಮೆಟ್ಟಿಲನ್ನು ಕೂತುಕೊಂಡೇ, ಒಂದೊಂದಾಗಿ ಹತ್ತುತ್ತಿದ್ದಳು. ಅರ್ಜಿಯಲ್ಲಿ ಇದನ್ನೆಲ್ಲ ಬರೆದಿದ್ದೆ. ಲಾಕ್‌ಡೌನ್ ಎಂದು ಐದು ತಿಂಗಳು ಕಾಯಿಸಿದಿರಿ. ಕಾದೆವು, ಕಾಲ ಹಾಗಿತ್ತು.

ಕಡೆಗೆ ಈ ಫೆಬ್ರವರಿಯಲ್ಲಿ ನಿಮ್ಮ ಪರಿಶೀಲಕರು ಬಂದರು. ಮನೆಯವರು ಅಡುಗೆಮನೆ ಬಿಟ್ಟು ಹೊರಬರಬಾರದೆಂದು ಷರತ್ತು. ಹೊರಗೆ ಹಿಮ. ಅವರು ಹಜಾರದಲ್ಲಿ ಮಂಡಿಯೂರಿ ಕೇಬಲ್ ಇಳಿಸುತ್ತಿದ್ದರು.

"ಅಷ್ಟೊತ್ತಿಂದ ಬಗ್ಗಿ ಕೆಲ್ಸ ಮಾಡ್ತಿದಾರೆ ರೀ, ಒಂದ್ ಲೋಟ ಕಾಫಿನೂ ಕೊಡ್ದೆ ಕಳ್ಸೋದಾ?" ಎಂದಳು ವತ್ಸಲಾ.

"ಬೇಡ ಕಣೇ, ರೂಲ್ಸ್ ಇದೆ."

"ಮಾಸ್ಕ್ ಹಾಕ್ಕೊಂಡಿದೀನಲ್ಲ."

ಗೋಡೆ ಹಿಡಿದುಕೊಂಡು ಹೋಗಿ ಅವರ ಪಕ್ಕದ ಸ್ಟೂಲಿನ ಮೇಲೆ ಲೋಟ ಇಟ್ಟಳು. ಅವರು ಬೆಚ್ಚಿ ಎದ್ದು, ಕೇಬಲ್ ಸುತ್ತಿಕೊಂಡು ಹೊರಟೇಬಿಟ್ಟರು. "ನಿವಾಸಿಯಿಂದ ಅಡ್ಡಿ, ಪರಿಶೀಲನೆ ಅಪೂರ್ಣ" ಎನ್ನುತ್ತದೆ ನಿಮ್ಮ ಕಡತ. ಅವರ ಭಯ ನನಗೆ ಅರ್ಥವಾಗುತ್ತದೆ. ಮರುಭೇಟಿಗೆ ಹನ್ನೊಂದು ವಾರ ಎಂದು ಕಚೇರಿಯಲ್ಲಿ ಕೂತು ತೀರ್ಮಾನಿಸಿದ ತಮಗೆ ಯಾವ ಭಯವಿತ್ತು?

"ನನ್ ಕಾಫಿಯಿಂದಾನೇ ಹೀಗಾಯ್ತಲ್ವಾ" ಎಂದು ಆಕೆ ದಿನವೂ ಕೊರಗುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಒಂದೇ ಒಂದು ಸಲ, "ಹೌದು, ಸುಮ್ನೆ ಇರಕ್ಕಾಗಲ್ವಾ ನಿಂಗೆ?" ಎಂದು ರೇಗಿಬಿಟ್ಟೆ. ಆಮೇಲೆ ಮೆಟ್ಟಿಲು ಹತ್ತಿಳಿಯಲು ಆಕೆ ನನ್ನನ್ನು ಕರೆಯುವುದನ್ನೇ ಬಿಟ್ಟಳು. ಒಂಬತ್ತನೇ ವಾರ ಒಬ್ಬಳೇ ಇಳಿಯುವಾಗ ಜಾರಿ ಬಿದ್ದಳು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು, ಕಣ್ಣು ತೆರೆಯಲಿಲ್ಲ. ಹನ್ನೊಂದನೇ ವಾರ ನಿಮ್ಮವರು ಹೇಳಿದ ಸಮಯಕ್ಕೆ ಸರಿಯಾಗಿ ಬಂದರು. ಅಡ್ಡಿಪಡಿಸಲು ಯಾರೂ ಇರಲಿಲ್ಲ.

ಅನುಮತಿ ಪತ್ರವನ್ನು ಹಿಂದಿರುಗಿಸಿದ್ದೇನೆ. ನನ್ನ ಬೇಡಿಕೆ ಒಂದೇ: "ನಿವಾಸಿಯಿಂದ ಅಡ್ಡಿ" ಎಂಬ ಸಾಲನ್ನು ಕಡತದಿಂದ ಹೊಡೆದುಹಾಕಿ. ನಾನಾಡಿದ ಮಾತನ್ನು ಹಿಂತೆಗೆದುಕೊಳ್ಳಲು ನನಗೆ ಸಮಯ ಸಿಗಲಿಲ್ಲ. ನಿಮಗೆ ಇನ್ನೂ ಇದೆ.

ಇಂತಿ,
ಒಂದು ಸಲ ನಿಮ್ಮ ಕಡತದ ಮಾತನ್ನೇ ಆಡಿದ
ದಿವಾಕರ
ಮೇ ೨೦೨೧