ತಮ್ಮನ ಮನೆಯ ರಿಟರ್ನ್ ಗಿಫ್ಟು

ನವುಲೆ, ಶಿವಮೊಗ್ಗ
ನವೆಂಬರ್ ೧೦, ಸೋಮವಾರ

ಪ್ರೀತಿಯ ತನು,

ಹೇಗಿದ್ದೀಯ? ಮನೆಯಲ್ಲಿ ಎಲ್ಲರೂ ಆರಾಮ ತಾನೆ? ದೀಪಾವಳಿಗೆ ಮುಂಚೆ ಕೊಡಬೇಕಾಗಿದ್ದ ಸಾಮಾನನ್ನು ಹಬ್ಬ ಮುಗಿದು, ಪಟಾಕಿಯ ವಾಸನೆಯೂ ಹೋದ ಮೇಲೆ ಕಳಿಸುತ್ತಿದ್ದೇನೆ. ಬೈಯಬೇಡ ಮಾರಾಯ್ತಿ. ಹೂವಪ್ಪನ ಗೂಡ್ಸ್ ಆಟೋ ಇವತ್ತು ಕುಂಸಿ ಕಡೆಗೆ ಬರುತ್ತಿದೆ. ಅವನ ಕೈಲಿ ಡಬ್ಬಿ ಕೊಟ್ಟು, ಡಬ್ಬಿಯ ಮೇಲೆ ಈ ಕಾಗದ ಇಟ್ಟಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ನಿನ್ನ ದನಿ ಕೇಳಿದ ಕೂಡಲೇ ನನಗೆ ಅಳು ಬರುತ್ತದೆ, ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ.

ಮೊದಲು ನಿನ್ನ ನಾದಿನಿಯ ವಿಷಯ. "ಹೊಸ ಮನೆಗೆ ಏನಾದ್ರೂ ಸ್ಟೈಲಾಗಿರೋದು ಕೊಡೇ, ಅವಳ ಬಾಯಿ ಮುಚ್ಚಬೇಕು" ಅಂದಿದ್ದೆಯಲ್ಲ. ಬಾಯಿ ಮುಚ್ಚಿಸುವಂಥದ್ದು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅಡಿಕೆ ಹಾಳೆಯ ಡಬ್ಬಿ ಮಾಡಿ, ಮುಚ್ಚಳದ ಮೇಲೆ ಹಸೆ ಚಿತ್ತಾರ ಬರೆಸಿದ್ದೇನೆ. ಒಳಗೆ ಬೀಗದ ಕೈ ಇಡಲು ಒಂದು ಹಿತ್ತಾಳೆ ತಟ್ಟೆ, ಎರಡು ಪುಟ್ಟ ದೀಪ, ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ. ಗೋಡೆ ಗಡಿಯಾರ ಬೇಡವೇ ಬೇಡ ಅಂದವಳು ನಾನೇ. ನಿನ್ನ ಗೃಹಪ್ರವೇಶಕ್ಕೆ ಬಂದ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದದ್ದು ನೆನಪಿದೆಯಾ? ಉಡುಗೊರೆ ಅಂದರೆ ಆ ಮನೆಯವರ ಕೈ ದಿನಾ ಅಲ್ಲಿಗೆ ಹೋಗುವಂತಿರಬೇಕು. ಬೀಗದ ಕೈ ಹುಡುಕದ ಮನೆ ಎಲ್ಲಿದೆ ಹೇಳು. ಬ್ಲೌಸ್ ಪೀಸ್ ಮಾತ್ರ ಇಟ್ಟಿಲ್ಲ, ಅದು ನಾಲ್ಕು ಮನೆ ಸುತ್ತಿ ಮತ್ತೆ ನಿನ್ನ ಕೈಗೇ ಬರುತ್ತದೆ.

ನೋಡು, ಅಂಗಡಿಯವಳ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಇವರು ತೀರಿಕೊಂಡ ಮೇಲೆ ಕೈ ಖಾಲಿ ಇರಬಾರದು ಅಂತ ಶುರು ಮಾಡಿದ ಕೆಲಸ, ಈಗ ಊರಿನ ಅರ್ಧ ಶುಭಕಾರ್ಯದ ಉಡುಗೊರೆ ನನ್ನ ನಡುಮನೆಯಲ್ಲೇ ತಯಾರಾಗುತ್ತಿದೆ. ಮದುವೆಗೆ ನನ್ನ ಡಬ್ಬಿಗಳು ಹೋಗುತ್ತವೆ, ನಾನು ಹೋಗುವುದಿಲ್ಲ. ಅದಕ್ಕೆ ಒಗ್ಗಿಕೊಂಡಿದ್ದೆ. ಈಗ ಬಂದದ್ದು ಬೇರೆ ಥರದ ಆರ್ಡರು.

ಫಂಕ್ಷನ್ ಕೆಲಸ ವಹಿಸಿಕೊಳ್ಳುವ ಚಂದ್ರಹಾಸ ಗೊತ್ತಲ್ಲ, ಹೋದ ತಿಂಗಳು ಫೋನ್ ಮಾಡಿದ. "ಮೇಡಂ, ಭದ್ರಾವತಿ ಓಲ್ಡ್ ಟೌನ್ ಪಾರ್ಟಿ. ಗೃಹಪ್ರವೇಶಕ್ಕೆ ರಿಟರ್ನ್ ಗಿಫ್ಟು ಬೇಕಂತೆ. ಡೀಸೆಂಟಾಗಿರ್ಬೇಕು, ಅರಿಶಿನ ಕುಂಕುಮದ ಪುಟ್ಟ ಡಬ್ಬಿ ಇರ್ಲೇಬೇಕು ಅಂದಿದ್ದಾರೆ" ಅಂದ. ಆಯಿತು ಅಂದೆ. ಚೀಟಿಯ ಮೇಲೆ ಅಚ್ಚು ಹಾಕಿಸಲು ಹೆಸರು ಕಳಿಸಿದ. ಸಂಧ್ಯಾ ಮತ್ತು ಸಂಜಯ್. ಓಲ್ಡ್ ಟೌನಿನಲ್ಲಿ ಎಷ್ಟು ಜನ ಸಂಜಯ್ ಇದ್ದಾರೋ ಅಂದುಕೊಂಡೆ. ಅದರ ಕೆಳಗೆ ಮನೆಯ ಹೆಸರಿತ್ತು, ಸಿದ್ದಯ್ಯ ನಿಲಯ.

ನಮ್ಮಪ್ಪನ ಹೆಸರು, ತನು. ನನ್ನ ತಮ್ಮ ಮನೆ ಕಟ್ಟಿಸುತ್ತಿರುವುದು ಗೊತ್ತಿತ್ತು. ಗೃಹಪ್ರವೇಶದ ದಿನ ನಿಗದಿಯಾಗಿರುವುದು ನನಗೆ ಚಂದ್ರಹಾಸನಿಂದ ತಿಳಿಯಬೇಕಾಯಿತು.

ನಮ್ಮಲ್ಲಿ ಜಗಳವೇನೂ ಆಗಿಲ್ಲ. ಆಗಿದ್ದರೆ ಯಾರಾದರೂ ಕೂರಿಸಿ ರಾಜಿ ಮಾಡಿಸುತ್ತಿದ್ದರು. ಇವರು ಹೋದ ಮೇಲೆ ಅವರು ಕರೆಯುವುದು ಕಡಿಮೆಯಾಯಿತು, ನಾನು ಹೋಗುವುದು ಕಡಿಮೆಯಾಯಿತು, ಅಷ್ಟೇ. ಆದರೆ ಗೃಹಪ್ರವೇಶ ಹಾಗಲ್ಲವಲ್ಲ! ನಮ್ಮ ಮನೆಗಳಲ್ಲಿ ಹೊಸ ಒಲೆಯ ಮೇಲೆ ಹಾಲುಕ್ಕಿಸುವುದು ಆ ಮನೆಯ ಹೆಣ್ಣುಮಗಳು. ಸಂಜಯನಿಗೆ ಇರುವ ಅಕ್ಕ ನಾನೊಬ್ಬಳೇ. ನನ್ನನ್ನು ಬಿಟ್ಟು ಹಾಲುಕ್ಕಿಸುತ್ತಾರಾ? ಈ ಒಂದು ಪ್ರಶ್ನೆ ನನ್ನ ಊಟ ನಿದ್ದೆ ಎಲ್ಲ ತಿಂದುಹಾಕಿದೆ.

ಆವತ್ತಿನಿಂದ ಗೇಟಿನ ಹತ್ತಿರ ಸ್ಕೂಟರ್ ನಿಂತರೆ ಸಾಕು, ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಸೆರಗು ಸರಿಮಾಡಿಕೊಳ್ಳುತ್ತೇನೆ. ನೋಡಿದರೆ ಕೊರಿಯರ್ ಆಗಿರುತ್ತದೆ. ಗಾಂಧಿ ಬಜಾರಿಗೆ ಹೋಗಿ ಹಾಲುಕ್ಕಿಸಲು ಒಂದು ಹಿತ್ತಾಳೆ ಪಾತ್ರೆ ನೋಡಿದೆ, ಕೊಳ್ಳದೆ ಬಂದೆ. ಮಾರನೆಯ ದಿನ ಮತ್ತೆ ಹೋಗಿ ಕೊಂಡೆ. ಮನೆಗೆ ತಂದ ಮೇಲೆ ಯಾಕಾದರೂ ತಂದೆನೋ ಅನ್ನಿಸಿತು. ಊರಿಗೆಲ್ಲ ಇಂಥವರಿಗೆ ಇಂಥದ್ದು ಕೊಡಿ ಅಂತ ಬುದ್ಧಿ ಹೇಳುವವಳಿಗೆ ಸ್ವಂತ ತಮ್ಮನಿಗೆ ಏನು ಕೊಡಬೇಕೋ ತಿಳಿಯುತ್ತಿಲ್ಲ.

ಗುರುವಾರ ಭದ್ರಾವತಿಯಿಂದ ಫೋನ್ ಬಂತು. ಡಬ್ಬಿ ಮಾಡುವವಳು ನಾನೇ ಅಂತ ಚಂದ್ರಹಾಸ ಅಲ್ಲಿ ಬಾಯಿ ಬಿಟ್ಟಿದ್ದಾನೆ. ಸಂಧ್ಯಾ ಮಾತಾಡಿದಳು. ಗೃಹಪ್ರವೇಶಕ್ಕೆ ಬನ್ನಿ ಅನ್ನುತ್ತಾಳೆ ಅಂತ ಕಾದೆ. "ಅಕ್ಕಾ, ಡಬ್ಬಿ ನೀವೇ ಮಾಡಿ, ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡಲ್ಲ. ಕುಂಕುಮ ಮಾತ್ರ ಯಾರಾದ್ರೂ ಮುತ್ತೈದೇರ ಕೈಲಿ ತುಂಬ್ಸಿ. ಬೇಜಾರ್ ಮಾಡ್ಕೋಬೇಡಿ" ಅಂದಳು. ಹೂಂ ಅಂದೆ. ಫೋನ್ ಇಟ್ಟ ಮೇಲೆ ಅವಳಿಗೆ ಏನೇನು ಬೈದೆ ಅಂತ ಕಾಗದದಲ್ಲಿ ಬರೆಯುವ ಹಾಗಿಲ್ಲ. ನಿನ್ನೆ ಮೊನ್ನೆ ಬಂದ ಹುಡುಗಿ, ಅವಳ ಬಾಣಂತನಕ್ಕೆ ನೀರು ಕಾಯಿಸಿದ ಕೈ ಇದು ಅಂತ ಗೋಡೆಗೆ ಹೇಳಿದೆ.

ಬೈದದ್ದು ಬೈದೆ, ಆಮೇಲೆ ಹೆದರಿಕೆ ಶುರುವಾಯಿತು. ಹೇಳಿದ ಮಾತು ಮೀರಿ ನಾನೇ ತುಂಬಿದರೆ? ಆ ಮನೆಯಲ್ಲಿ ನಾಳೆ ಯಾರಿಗಾದರೂ ಒಂದು ಜ್ವರ ಬಂದರೂ ನನ್ನ ಕೈ ನೆನಪಾಗುತ್ತದೆ. ನಾನು ಇದನ್ನೆಲ್ಲ ನಂಬುವವಳಲ್ಲ ಅಂತ ನಿನಗೆ ಗೊತ್ತು. ಆದರೂ ಕುಂಕುಮದ ಪೊಟ್ಟಣ ಬಿಚ್ಚಿದವಳು ಹಾಗೇ ಮತ್ತೆ ಕಟ್ಟಿಟ್ಟೆ. ಇಷ್ಟು ವರ್ಷ ಊರವರಿಗೆಲ್ಲ ತುಂಬಿಕೊಟ್ಟಾಗ ಹೀಗಾಗಿರಲಿಲ್ಲ!

ಪಕ್ಕದ ಮನೆಯ ಜಲಜಮ್ಮನನ್ನು ಕರೆದೆ. ಪಾಪ, ಸೊಂಟನೋವಿನಲ್ಲೂ ಬಂದು ಚಾಪೆಯ ಮೇಲೆ ಕೂತರು. ಒಂದೆರಡು ಡಬ್ಬಿ ತುಂಬಿ ನನ್ನ ಮುಖ ನೋಡಿದರು.

"ದಿನಾ ನೀನೇ ತುಂಬ್ತೀಯಲ್ಲೇ, ಇವತ್ತು ನಾನ್ಯಾಕೆ?"

"ಇದು ತಮ್ಮನ ಮನೇದು ಜಲಜಮ್ಮ."

ಅವರಿಗೆ ಅರ್ಥವಾಯಿತು. ಚಮಚ ಕೆಳಗಿಟ್ಟರು. "ನಾನು ತುಂಬಲ್ಲ ಹೋಗು. ನೀನು ತುಂಬು, ನಾನು ಮುಚ್ಚಳ ಹಾಕ್ತೀನಿ. ಯಾರ್ ಕೇಳಿದ್ರೂ ಜಲಜಮ್ಮ ತುಂಬಿದ್ದು ಅಂತ ಹೇಳು" ಅಂದರು. ನಾನು ಒಪ್ಪಲಿಲ್ಲ. ಕೈ ಮುಗಿದು ಅವರಿಂದಲೇ ತುಂಬಿಸಿದೆ. ಅವರು ತುಂಬಿದ್ದಕ್ಕೆ ನಾನು ಮುಚ್ಚಳ ಹಾಕಿದೆ. ಹೋಗುವಾಗ ಕಾಫಿಯನ್ನೂ ಕುಡಿಯಲಿಲ್ಲ ಅವರು.

ನಿನ್ನೆ ಸಂಜಯ್ ಬಂದ. ನಿಜವಾಗಿಯೂ ಬಂದ ತನು, ಕಾರ್ಡು ಹಿಡಿದುಕೊಂಡು. ಆದರೆ ಒಬ್ಬನೇ ಬಂದ. ಹೆಣ್ಣುಮಕ್ಕಳಿಗೆ ಕುಂಕುಮ ಕೊಟ್ಟು ಕರೆಯಬೇಕಾದವಳು ಮನೆಯೊಡತಿ. ಅವಳನ್ನು ಬಿಟ್ಟು ಬಂದರೆ ನನಗೆ ಕುಂಕುಮ ಕೊಡುವ ಪ್ರಶ್ನೆಯೇ ಬರುವುದಿಲ್ಲ. ಚಿಕ್ಕಂದಿನಿಂದ ನೋಡಿದ್ದೇನೆ, ಏನಾದರೂ ತಪ್ಪಿಸಿಕೊಳ್ಳಬೇಕಾದರೆ ಅವನು ನೆಲ ನೋಡಿಕೊಂಡು ಮಾತಾಡುತ್ತಾನೆ. ಮಾಡಿಟ್ಟ ಡಬ್ಬಿಗಳನ್ನು ಮುಟ್ಟಿ "ಚೆನ್ನಾಗ್ ಮಾಡಿದ್ದೀಯ ಅಕ್ಕ" ಅಂದ. ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟು, "ಶುಕ್ರವಾರ ಬೆಳಿಗ್ಗೆ ಪೂಜೆ ಹೊತ್ತಿಗೆ ತುಂಬಾ ರಶ್ ಇರುತ್ತೆ ಅಕ್ಕ. ನೀನು ಆರಾಮಾಗಿ ಊಟದ್ ಹೊತ್ತಿಗೆ ಬಾ" ಅಂದ.

"ಹಾಲು ಯಾರು ಉಕ್ಕಿಸ್ತಾರೆ?" ಅಂತ ಕೇಳಿಯೇ ಬಿಟ್ಟೆ.

"ಸಂಧ್ಯಾನ ತಂಗಿ ಬರ್ತಾಳೆ" ಅಂದ. ಅವನ ಕಣ್ಣು ತುಂಬಿತ್ತು, ಅದು ಸುಳ್ಳಲ್ಲ. ಅಕ್ಷತೆ ನನ್ನ ಕೈಗೆ ಹಾಕಿ, ಕಾಲು ಮುಟ್ಟಿ ಹೋದ.

ಇಷ್ಟು ನಡೆದಿದೆ. ಹೋಗಬೇಕಾ ಬೇಡವಾ ಅಂತ ಒಂದೇ ಸಮನೆ ಹೊಯ್ದಾಡುತ್ತಿದ್ದೇನೆ. ಹೋಗದಿದ್ದರೆ ತಮ್ಮನ ಮೇಲೆ ಮುನಿಸು ಅನ್ನುತ್ತಾರೆ, ಅಪ್ಪನ ಹೆಸರಿನ ಮನೆ ಅದು. ಊಟದ ಹೊತ್ತಿಗೆ ಹೋದರೆ ಎಲೆಯ ಮುಂದೆ ಕೂತವರೆಲ್ಲ "ಈಗ ಬಂದ್ಯಾ ಸುಮನಾ?" ಅಂತ ಕೇಳುತ್ತಾರೆ. ಎಲ್ಲರಿಗೂ ಕಾರಣ ಗೊತ್ತಿರುತ್ತದೆ, ಆದರೂ ಕೇಳುತ್ತಾರೆ. ಬರುವಾಗ ಬಾಗಿಲಲ್ಲಿ ನನಗೂ ಒಂದು ರಿಟರ್ನ್ ಗಿಫ್ಟು ಕೊಡುತ್ತಾರೋ ಏನೋ. ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ.

ನಿನ್ನ ನಾದಿನಿಗೆ ನನ್ನ ಶುಭಾಶಯ ಹೇಳು. ಅವಳು ಡಬ್ಬಿ ಬಿಚ್ಚಿ ಏನಂದಳು ಅಂತ ತಪ್ಪದೆ ತಿಳಿಸು. ಅವಳ ಹೊಸ ಮನೆ ತುಂಬಿ ತುಳುಕಲಿ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ, ದೊಡ್ಡವನ ಪರೀಕ್ಷೆ ಸುಸೂತ್ರವಾಗಿ ಮುಗಿಯಲಿ. ಯಜಮಾನರಿಗೆ ನಮಸ್ಕಾರ.

ನಿನ್ನ,
ಸುಮನಾ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು: ಗುರುವಾರ ಫೋನಿನಲ್ಲಿ ಕುಂಕುಮದ ಮಾತಾಡಿದ್ದು ಸಂಧ್ಯಾ ಅಂತ ಮೇಲೆ ಬರೆದೆ. ಅದು ಸುಳ್ಳು. ಸಂಧ್ಯಾ ಫೋನ್ ಮಾಡಿಕೊಟ್ಟಳು ಅಷ್ಟೇ. "ಮಗಾ, ಕುಂಕುಮ ಮಾತ್ರ ನೀನು ಮುಟ್ಟಬೇಡ, ಅವ್ರು ಬಾಳಿ ಬದುಕ್ಬೇಕಾದೋರು" ಅಂದದ್ದು ನಮ್ಮಮ್ಮ. ಅಪ್ಪ ಹೋದ ಮೇಲೆ ಸಂಜಯನ ಮದುವೆಯಲ್ಲಿ ಅಮ್ಮ ಛತ್ರದ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕೂತುಬಿಟ್ಟಿದ್ದಳು, ನಿನಗೆ ನೆನಪಿರಬೇಕು, ನೀನೂ ಅಲ್ಲಿದ್ದೆ. ಯಾರು ಏನಾದರೂ ಅನ್ನಲಿ ಅಂತ ಕೈ ಹಿಡಿದು ಎಳೆದುಕೊಂಡು ಬಂದು ಮಂಟಪದ ಮುಂದೆ ಕೂರಿಸಿದವಳು ನಾನು. ಮೊದಲ ಅಕ್ಷತೆ ಅವಳ ಕೈಯಲ್ಲೇ ಹಾಕಿಸಿದೆ. ಆವತ್ತು ನನ್ನ ಕೈ ಬಿಡದೆ ಅತ್ತಿದ್ದಳು. ಶುಕ್ರವಾರ ಊಟಕ್ಕೆ ಹೋದರೆ ನನ್ನನ್ನು ಅಮ್ಮನ ಪಕ್ಕದ ಎಲೆಗೇ ಕೂರಿಸುತ್ತಾರೆ. ನೀನು ಬೆಳಿಗ್ಗೆಯ ಬಸ್ಸಿಗೆ ಬಂದುಬಿಡು ತನು. ನಮ್ಮಿಬ್ಬರ ಮಧ್ಯೆ ಕೂರಲು ಯಾರಾದರೂ ಬೇಕು.