ಸಾಹೇಬರು ಬಂದ ದಿನದ ಹೊಲಿಗೆ

ಜಮಖಂಡಿ, ೧೧ ಫೆಬ್ರುವರಿ ೧೯೫೩, ಬುಧವಾರ

ನಮ್ಮ ಮಹಿಳಾ ಮಂಡಳದ ಹೊಲಿಗೆ ವರ್ಗಕ್ಕೆ ಮುಂಬಯಿ ಸರಕಾರದ ಅನುದಾನ ಬಹುತೇಕ ಖಚಿತವಾಯಿತು. ಆದರೂ ಊಟ ಸೇರಲಿಲ್ಲ.

ವರ್ಗ ಎಲ್ಲ ಜಾತಿಯವರಿಗೂ ತೆರೆದಿರಬೇಕೆಂಬುದು ಸರಕಾರದ ಷರತ್ತು. ಹರಿಜನ ಕೇರಿಯ ಕರೆವ್ವ ದಿನವೂ ಹೊರಗಿನ ಕಟ್ಟೆಯ ಮೇಲೆ ಕೂತು ಕೈಹೊಲಿಗೆ ಹಾಕುವವಳು. ಇವತ್ತು ಅಧ್ಯಕ್ಷೆ ತುಳಸಾಬಾಯಿ ಅವಳನ್ನು ಒಳಗೆ ಕರೆದು ಮಷೀನಿನ ಮುಂದೆ ಕೂರಿಸಿದರು. ತಪಾಸಣೆಗೆ ಬಂದ ಸಾಹೇಬರು ನೋಡಿ ಮೆಚ್ಚಿದರು.

ಅವರ ಜೀಪು ಹೊರಟದ್ದೇ ತಡ, "ಆತಲ್ಲ, ಏಳ ಬೇ, ನಿನ್ನ ಜಾಗಾಕ್ಕ ಹೋಗ," ಎಂದರು ತುಳಸಾಬಾಯಿ.

ಕರೆವ್ವ ದಾರ ಕಡಿದು ಎದ್ದಳು. ಹೊಸ್ತಿಲಲ್ಲಿ ನನ್ನನ್ನು ಕೇಳಿದಳು: "ಬಾಯಾರ, ಸಾಹೇಬ್ರು ಮತ್ತ ಯಾವಾಗ ಬರ್ತಾರ್ರಿ?"

ಎಲ್ಲರೂ ಒಟ್ಟಿಗೆ ಕೂತು ಕಲಿಯುತ್ತಾರೆ ಎಂಬ ವರದಿಗೆ ಕಾರ್ಯದರ್ಶಿಯಾದ ನಾನು ನಾಳೆ ಸಹಿ ಹಾಕಬೇಕು. ಹಾಕದಿದ್ದರೆ ವರ್ಗವೇ ಮುಚ್ಚುತ್ತದೆ. ಆಗ ಅವಳಿಗೆ ಆ ಕಟ್ಟೆಯೂ...