ಗೋಡೆ ಗಡಿಯಾರದ ಎರಡು ನಿಮಿಷ

ಕೊಡಗು,
ಆಗಸ್ಟ್ ೩೨, ೨೨೧೪

ಕೋವಿ ಪಾಠದ ವಿಡಿಯೋದಲ್ಲಿರುವ ಎಡಗೈ ಮೇಷ್ಟ್ರಿಗೆ, ಚೋಂದವ್ವ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಆಗಸ್ಟಿಗೆ ಒಂದು ದಿನ ಸೇರಿಸಿದ್ದಾರೆ. ಯಾಕೆಂದು ಯಾರೂ ಹೇಳಿಲ್ಲ, ನನಗೆ ಅದರ ಮೇಲೂ ಅನುಮಾನವಿದೆ. ನಿಮ್ಮ ಕಾಲದ ಕನ್ನಡವನ್ನು ಹಳೆಯ ವಿಡಿಯೋಗಳಿಂದ ಕಲಿತವಳು ನಾನು. ಮಾತು ಎಲ್ಲಾದರೂ ಸೊಟ್ಟಗಾದರೆ ಮನ್ನಿಸಿ. ಈ ಕಾಗದವನ್ನು ಹಿನ್ನಡೆ ಅಂಚೆಗೆ ಹಾಕುತ್ತಿದ್ದೇನೆ. ಅದು ಹಿಂದಿನ ಕಾಲಕ್ಕೆ ಹೋಗುತ್ತದೆ ಎನ್ನುತ್ತಾರೆ. ತಲುಪಿದೆ ಎಂದು ಉತ್ತರ ಬಂದದ್ದನ್ನು ಮಾತ್ರ ನಾನು ಕಂಡಿಲ್ಲ.

ನಿಮ್ಮ ವಿಡಿಯೋ ಇಲ್ಲಿ ಇನ್ನೂ ಬದುಕಿದೆ. ನಮ್ಮ ಮಕ್ಕಳು ಅಂಗಳದಲ್ಲಿ ಬೆಳಕುಚಾಪೆ ಹಾಸುತ್ತಾರೆ. ಅದರ ಮೇಲೆ ನೀವು ಆಳೆತ್ತರಕ್ಕೆ ಎದ್ದು ನಿಲ್ಲುತ್ತೀರಿ, ಹಿಂದೆ ನಿಮ್ಮ ಗೋಡೆ, ಗೋಡೆಯಲ್ಲಿ ಗಡಿಯಾರ. ಕೋಳಿಗಳು ನಿಮ್ಮ ಕಾಲಿನ ಮೂಲಕವೇ ಓಡಾಡುತ್ತವೆ. ನನ್ನ ಮೊಮ್ಮಗಳು ಪೂವಿ ಎಡಗೈಯವಳು. ಬಲಗೈಯವಳಾದ ನಾನು ವರ್ಷವಿಡೀ ಹೇಳಿಕೊಟ್ಟರೂ ಬಾರದ ನಿಲುವು, ನಿಮ್ಮನ್ನು ನೋಡಿ ಹದಿನೈದೇ ದಿನದಲ್ಲಿ ಬಂತು. ಹೊಟ್ಟೆಕಿಚ್ಚಾಯಿತು, ಒಪ್ಪುತ್ತೇನೆ. ಹಿಡಿತ, ಉಸಿರು, ತಾಳ್ಮೆ ಎಲ್ಲವನ್ನೂ ಚೆನ್ನಾಗಿಯೇ ಕಲಿಸಿದಿರಿ.

ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ನಾನು ನೋಡಲಿಲ್ಲ. ನಮ್ಮ ಮನೆಯಲ್ಲೊಂದು ಪದ್ಧತಿ: ಕೋವಿ ಕೈಗೆ ಬಂದೊಡನೆ ಮಡಚಿ ತೆರೆದು, ಒಳಗೆ ಕಣ್ಣಾಡಿಸಿ, ಪಕ್ಕದವರಿಗೂ ತೋರಿಸಿ, "ಬರಿದು" ಎಂದು ಇಬ್ಬರೂ ಗಟ್ಟಿಯಾಗಿ ಹೇಳಬೇಕು. ವಿಡಿಯೋದಲ್ಲಿ ನೀವು ಮೇಜಿನ ಮೇಲಿನ ಕೋವಿ ಎತ್ತಿಕೊಳ್ಳುತ್ತೀರಿ, ಚಿತ್ರ ಒಮ್ಮೆ ಕುಪ್ಪಳಿಸುತ್ತದೆ, ನೋಡಿದರೆ ಆಗಲೇ ಬಟ್ಟೆ ಹಿಡಿದು ಒರೆಸುತ್ತಿರುತ್ತೀರಿ. ನಮ್ಮ ಮಕ್ಕಳು ಆ ಕುಪ್ಪಳಿಕೆಯನ್ನೂ ಕಲಿತರು. ಕೋವಿ ಎತ್ತಿಕೊಂಡು, ಅಲ್ಲಿ ಒಮ್ಮೆ ಬಿಗಿಯಾಗಿ ಕಣ್ಣು ಮುಚ್ಚಿ ತೆರೆದು, ಒರೆಸತೊಡಗುತ್ತಾರೆ. ಅದೂ ಒಂದು ಶಾಸ್ತ್ರವಿರಬೇಕೆಂದು ನಾನೂ ಸುಮ್ಮನಿದ್ದೆ.

ಹೋದ ವರ್ಷ ಪೂವಿ ತಾನೇ ತುಂಬಿಟ್ಟು ಮರೆತಿದ್ದ ಕೋವಿಯನ್ನು ಎತ್ತಿಕೊಂಡಳು, ಕಣ್ಣು ಮುಚ್ಚಿ ತೆರೆದಳು, ಬಟ್ಟೆ ಹಿಡಿದಳು. ಗುಂಡು ನನ್ನ ಬಲಗಿವಿಯ ಪಕ್ಕದಲ್ಲೇ ಹೋಯಿತು. ಅಂದಿನಿಂದ ಆ ಕಿವಿ ಕೇಳುವುದಿಲ್ಲ. ನಮ್ಮಲ್ಲಿ ಅಜ್ಜಿಯನ್ನು ತಾಯಿ ಎಂದೇ ಕರೆಯುವುದು. "ತಾಯಿ, ಮೇಷ್ಟ್ರು ಅಲ್ಲಿ ಏನೂ ಮಾಡೋದೇ ಇಲ್ಲ" ಎಂದು ಅತ್ತಳಂತೆ. ನನಗೆ ತುಟಿ ಅಲ್ಲಾಡಿದ್ದಷ್ಟೇ ಕಾಣಿಸಿತು. ಆಮೇಲೆ ಎಷ್ಟೋ ತಿಂಗಳು ಅವಳು ಕೋವಿ ಮುಟ್ಟಲಿಲ್ಲ.

ನಾನು ನಿಮ್ಮ ವಿಡಿಯೋವನ್ನು ನಲವತ್ತಮೂರು ಸಲ ನೋಡಿದೆ. ಕುಪ್ಪಳಿಕೆಗೆ ಮುಂಚೆ ಗಡಿಯಾರದಲ್ಲಿ ನಾಲ್ಕು ಹತ್ತು. ನಂತರ ನಾಲ್ಕು ಹನ್ನೆರಡು. ಆ ಎರಡು ನಿಮಿಷ ಏನು ಮಾಡಿದಿರಿ? ತೆರೆದು ನೋಡಿದಿರಿ ಎಂದೇ ನನ್ನ ಗುಮಾನಿ. ಅಷ್ಟು ಜೋಪಾನದ ಮನುಷ್ಯ ನೋಡದೆ ಇರಲಾರ. ನೋಡುವವರಿಗೆ ಬೇಸರವಾದೀತೆಂದು ಕತ್ತರಿಸಿದಿರಿ. ಗುಂಡು ಹಾರುವುದನ್ನು ಮಾತ್ರ ಮೂರು ಮೂರು ಸಲ ತೋರಿಸಿದ್ದೀರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇದನ್ನು ಓದುವಾಗ ನಿಮ್ಮ ಕೈ ಎಲ್ಲಿದೆ?

ನಾಳೆ ಕೈಲ್‌ಪೊಳ್ದ್, ನಮ್ಮ ಆಯುಧಪೂಜೆಯ ಹಬ್ಬ. ಕೋವಿಗಳಿಗೆ ತೋಕ್‌ಪೂ ಎಂಬ ಕಾಡುಹೂ ಮುಡಿಸಿ ಪೂಜೆ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಪೂವಿ ತಾನೂ ಹೊಡೆಯುತ್ತೇನೆ ಎಂದಿದ್ದಾಳೆ. ಹೂಂ ಎನ್ನಬೇಕಾದವಳು ನಾನು. ಅವಳ ಕೈಯ ಮೇಲೆ ನನಗೆ ಅನುಮಾನವಿಲ್ಲ, ಕಣ್ಣಿನ ರೆಪ್ಪೆಗಳ ಮೇಲಿದೆ. ಎಷ್ಟು ತಿದ್ದಿದರೂ ಕೋವಿ ಮುಟ್ಟಿದೊಡನೆ ಅವು ಮುಚ್ಚಿಕೊಳ್ಳುತ್ತವೆ. ನನಗೆ ಭಯವಾಗುತ್ತದೆ.

ದಯವಿಟ್ಟು ಆ ಎರಡು ನಿಮಿಷವನ್ನು ವಾಪಸ್ ಹಾಕಿ. ಬೇಸರವಾದವರು ಎದ್ದು ಹೋಗಲಿ. ಬೆಳಗ್ಗೆ ಅವಳು ಚಾಪೆ ಹಾಸುವಾಗ ನಾನು ನಿಮ್ಮ ಗೋಡೆಯ ಗಡಿಯಾರವನ್ನೇ ನೋಡುತ್ತಿರುತ್ತೇನೆ. ಮಧ್ಯಾಹ್ನ ಕಾಯಿ ಒಡೆದ ಸದ್ದು ನನ್ನ ಎರಡೂ ಕಿವಿಗೆ ಕೇಳಿಸಿದರೆ, ಈ ಕಾಗದ ನಿಮಗೆ ತಲುಪಿತೆಂದು ತಿಳಿಯುತ್ತೇನೆ.

ಚೋಂದವ್ವ